ತಲೆಯೊಳಗಿನ ‘ಪಾಯಿಂಟ್’ ಮಾಡುವವರು ಯಾರು? ಪಾರ್ಕಿನ್ಸನ್ಸ್, ಡಿಬಿಎಸ್ ಮತ್ತು ಒಂದೆರಡು ಮಿಲಿಮೀಟರ್‌ಗಳ ಕತೆ

ತಿಪಟೂರಿನ ಕಡೆ ಬೋರ್‌ವೆಲ್ ಕೊರೆಸುವ ಮೊದಲು ‘ಪಾಯಿಂಟ್’ ಮಾಡಿಸುತ್ತಾರೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟವೆಲ್ಲ ಸುತ್ತುವವರು ಒಬ್ಬರು. ಕಾಯಿ ಎಲ್ಲಿ ಎದ್ದು ನಿಲ್ಲುತ್ತೋ ಅಲ್ಲಿ ನೀರು ಅಂತಾರೆ. ನೆಲಕ್ಕೆ ಕಡ್ಡಿ ಚುಚ್ಚಿ, ಕರೆಂಟ್ ಹರಿಸಿ, ಮೀಟರ್ ನೋಡಿ ಲೆಕ್ಕ ಹಾಕುವ ಜಿಯಾಲಜಿಸ್ಟ್ ಇನ್ನೊಬ್ಬರು. ನಮ್ಮ ದೊಡ್ಡಪ್ಪ ಇಬ್ಬರನ್ನೂ ಕರೆಸಿ ನೋಡಿದವರು. ನಾಲ್ಕು ಕೊರೆಸಿ, ಮೂರರಲ್ಲಿ ಬರೀ ಧೂಳು ಕಂಡವರು.

ಅವರಿಗೆ ಎಂಟು ವರ್ಷದಿಂದ ಪಾರ್ಕಿನ್ಸನ್ಸ್. ಮಾತ್ರೆ ಮೊದಲಿನ ಹಾಗೆ ಹಿಡಿಯುತ್ತಿಲ್ಲ. ಕಳೆದ ಸಲ ಬೆಂಗಳೂರಿಗೆ ತೋರಿಸಲು ಬಂದಾಗ ಡಾಕ್ಟರು, “ಡಿಬಿಎಸ್ ಬಗ್ಗೆ ಯೋಚನೆ ಮಾಡಿ. ಮೆದುಳಿನ ಒಳಗೆ ಒಂದು ತೆಳು ವೈರ್ ಇಡ್ತೀವಿ” ಅಂದರು. ವಾಪಸ್ ಬರುವಾಗ ದೊಡ್ಡಪ್ಪ ದುಡ್ಡಿನ ಬಗ್ಗೆ ಕೇಳಲಿಲ್ಲ, ನೋವಿನ ಬಗ್ಗೆಯೂ ಕೇಳಲಿಲ್ಲ. “ನೀನು ಇಂಜಿನಿಯರಿಂಗ್ ಓದಿದ್ಯಲ್ಲ, ಹೇಳು ನೋಡಾನ. ತಲೆ ಒಳಗೆ ಇಂಥ ಕಡೇನೇ ವೈರ್ ಇಡಬೇಕು ಅಂತ ಅವರಿಗೆ ಹೆಂಗೆ ಗೊತ್ತಾಯ್ತದೆ? ಇವರೂ ಪಾಯಿಂಟ್ ಮಾಡಿ ಕೊರೀತಾರಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕುತ್ತಾ ಹೋದೆ. ಪ್ರಶ್ನೆ ನಾನು ಅಂದುಕೊಂಡಿದ್ದಕ್ಕಿಂತ ದೊಡ್ಡದಿತ್ತು.

ಗುರಿ ಎಷ್ಟು ಚಿಕ್ಕದು?

ಮೊದಲು ಕಾಯಿಲೆ. ಮೆದುಳಿನ ಬುಡದಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಅಂತ ಒಂದು ಕಪ್ಪು ಪಟ್ಟಿ ಇದೆ. ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ನರಕೋಶಗಳು ಇರುವುದು ಅಲ್ಲಿ. ಪಾರ್ಕಿನ್ಸನ್ಸ್‌ನಲ್ಲಿ ಆ ಕೋಶಗಳು ವರ್ಷಗಟ್ಟಲೆ ಸದ್ದಿಲ್ಲದೆ ಸಾಯುತ್ತವೆ. ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ಹೆಜ್ಜೆ ಕಿರಿದಾಗುತ್ತದೆ. ಲೆವೊಡೋಪಾ ಮಾತ್ರೆ ಡೋಪಮೈನ್ ಕೊರತೆಯನ್ನು ತುಂಬುತ್ತದೆ. ಆದರೆ ಕೆಲವು ವರ್ಷಗಳಾದ ಮೇಲೆ ಮಾತ್ರೆಯ ಬಲ ಬೇಗ ಇಳಿಯುತ್ತದೆ. ಏರಿದ ಹೊತ್ತಿನಲ್ಲಿ ಮೈ ತನ್ನಷ್ಟಕ್ಕೆ ತಾನೇ ಬಳುಕಾಡುತ್ತದೆ. ಹಳ್ಳಿಯ ಕರೆಂಟಿನ ಹಾಗೆ ದಿನವಿಡೀ ಬಂದು ಹೋಗಿ ಮಾಡುತ್ತದೆ. ಡಾಕ್ಟರುಗಳೂ ಇದನ್ನು ‘ಆನ್’, ‘ಆಫ್’ ಅಂತಲೇ ಕರೆಯುತ್ತಾರೆ.

ಡೀಪ್ ಬ್ರೈನ್ ಸ್ಟಿಮ್ಯುಲೇಷನ್, ಅಂದರೆ ಡಿಬಿಎಸ್, ಈ ಏರಿಳಿತಕ್ಕೆ ಇರುವ ಒಂದು ದಾರಿ. ಸುಮಾರು 1.3 ಮಿಲಿಮೀಟರ್ ದಪ್ಪದ ತಂತಿಯನ್ನು ಮೆದುಳಿನ ಆಳಕ್ಕೆ ಇಳಿಸುತ್ತಾರೆ. ಅದರ ಇನ್ನೊಂದು ತುದಿ ಕುತ್ತಿಗೆಯ ಚರ್ಮದಡಿ ಇಳಿದು, ಎದೆಯ ಬಳಿ ಇಟ್ಟ ಬ್ಯಾಟರಿ ಪೆಟ್ಟಿಗೆಗೆ ಸೇರುತ್ತದೆ. ಆ ಪೆಟ್ಟಿಗೆ ಸಾಮಾನ್ಯವಾಗಿ ಸೆಕೆಂಡಿಗೆ 130 ಸಲದಂತೆ ಸಣ್ಣ ವಿದ್ಯುತ್ ಮಿಡಿತ ಕಳಿಸುತ್ತಿರುತ್ತದೆ. ಇದು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಅದು ಮುಂದುವರಿಯುವುದನ್ನೂ ತಡೆಯುವುದಿಲ್ಲ. ಲಕ್ಷಣಗಳನ್ನು ಹತೋಟಿಯಲ್ಲಿಡುತ್ತದೆ, ಅಷ್ಟೇ. ಆದರೆ ಲೋಟ ಹಿಡಿಯಲಾಗದವರು ಲೋಟ ಹಿಡಿಯುವಂತಾದರೆ ಅದು ಸಣ್ಣ ಮಾತಲ್ಲ.

ತೊಡಕು ಇರುವುದು ಜಾಗದಲ್ಲಿ. ಹೆಚ್ಚಾಗಿ ಆರಿಸಿಕೊಳ್ಳುವ ಗುರಿಯ ಹೆಸರು ಸಬ್‌ಥಲಾಮಿಕ್ ನ್ಯೂಕ್ಲಿಯಸ್, ಎಸ್‌ಟಿಎನ್. ಹಿತಕಿದ ಅವರೆಬೇಳೆ ನೋಡಿದ್ದೀರಲ್ಲ? ಆಕಾರ ಹೆಚ್ಚುಕಮ್ಮಿ ಹಾಗೆಯೇ, ಗಾತ್ರವೂ ಅದರ ಆಸುಪಾಸು. ಅದೂ ಇಡೀ ಬೇಳೆ ಅಲ್ಲ, ಚಲನೆಗೆ ಸಂಬಂಧಪಟ್ಟ ಅದರ ಮೇಲಿನ ಹೊರಮೂಲೆ ಮಾತ್ರ ಬೇಕು. ಉಳಿದ ಭಾಗಕ್ಕೆ ಯೋಚನೆ, ಭಾವನೆಗಳ ಜೊತೆ ನಂಟಿದೆ. ಆಚೆ ಪಕ್ಕದಲ್ಲಿ ಮುಖಕ್ಕೆ, ಕೈಕಾಲಿಗೆ ಆಜ್ಞೆ ಒಯ್ಯುವ ನರತಂತುಗಳು. ಈಚೆ ಪಕ್ಕದಲ್ಲಿ ಕಣ್ಣನ್ನು ತಿರುಗಿಸುವ ತಂತುಗಳು. ಕೆಳಗೆ ಸಬ್‌ಸ್ಟಾನ್ಷಿಯಾ ನೈಗ್ರಾ. ತಲೆಬುರುಡೆಗೆ ಕೊರೆದ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕ ತೂತಿನಿಂದ, ಏಳೆಂಟು ಸೆಂಟಿಮೀಟರ್ ಕೆಳಗಿರುವ ಈ ಬೇಳೆಯ ಮೂಲೆಯನ್ನು ಮುಟ್ಟಬೇಕು. ಎರಡು ಮಿಲಿಮೀಟರ್ ತಪ್ಪಿದರೆ ಬೇರೆಯವರ ಮನೆ ಬಾಗಿಲು ತಟ್ಟಿದ ಹಾಗೆ.

ಈ ಜಾಗ ಗೊತ್ತಾಗಿದ್ದೇ ಆಕಸ್ಮಿಕಗಳಿಂದ

ಕಾಯಿಲೆಗೆ ಹೆಸರು ಕೊಟ್ಟ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಸ್ವಾರಸ್ಯದ ಮನುಷ್ಯ. ‘ಓಲ್ಡ್ ಹ್ಯೂಬರ್ಟ್’ ಎಂಬ ಗುಪ್ತನಾಮದಲ್ಲಿ ಸರ್ಕಾರದ ವಿರುದ್ಧ ಕರಪತ್ರ ಬರೆಯುತ್ತಿದ್ದರು. ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಸಂಘಟನೆಯಲ್ಲಿದ್ದರು. 1817ರಲ್ಲಿ ಅವರು ಬರೆದ ಪ್ರಬಂಧದಲ್ಲಿ ಇರುವುದು ಆರೇ ರೋಗಿಗಳು. ಅವರಲ್ಲಿ ಕೆಲವರನ್ನು ಅವರು ಕಂಡಿದ್ದು ಬೀದಿಯಲ್ಲಿ. ಕಾಯಿಲೆಯ ಚಿತ್ರ ಸಿಕ್ಕಿತು. ಮೆದುಳಿನಲ್ಲಿ ತೊಂದರೆ ಎಲ್ಲಿ ಅನ್ನುವುದು ಸಿಗಲಿಲ್ಲ.

ಮುಂದಿನ ಸುಳಿವುಗಳು ಬಂದ ಬಗೆ ನೋಡಿ. 1952ರಲ್ಲಿ ನ್ಯೂಯಾರ್ಕಿನಲ್ಲಿ ಇರ್ವಿಂಗ್ ಕೂಪರ್ ಎಂಬ ಸರ್ಜನ್ ಬೇರೆಯೇ ಒಂದು ಆಪರೇಷನ್ ಮಾಡುವಾಗ ಮೆದುಳಿನ ಒಂದು ರಕ್ತನಾಳ ಹರಿಯಿತು. ಅದನ್ನು ಕಟ್ಟಿ, ಆಪರೇಷನ್ ಅಲ್ಲಿಗೇ ನಿಲ್ಲಿಸಿದರು. ಎಚ್ಚರವಾದ ರೋಗಿಯ ನಡುಕ ನಿಂತಿತ್ತು. ಮೆದುಳಿನ ಆಳದ ಯಾವುದೋ ಒಂದು ಚೂರು ಸತ್ತರೆ ನಡುಕ ನಿಲ್ಲುತ್ತದೆ ಅನ್ನುವುದು ಹೀಗೆ ಗಟ್ಟಿಯಾಯಿತು. ಆಮೇಲಿನ ವರ್ಷಗಳಲ್ಲಿ ಥಲಾಮಸ್ ಮತ್ತು ಗ್ಲೋಬಸ್ ಪ್ಯಾಲಿಡಸ್ ಎಂಬ ಭಾಗಗಳಲ್ಲಿ ಸಣ್ಣ ಚುಕ್ಕೆಯಷ್ಟನ್ನು ಸುಡುವ ಆಪರೇಷನ್‌ಗಳು ನಡೆದವು. 1960ರ ದಶಕದ ಕೊನೆಗೆ ಲೆವೊಡೋಪಾ ಬಂದ ಮೇಲೆ ಅವು ಬಹುಮಟ್ಟಿಗೆ ಮೂಲೆಗೆ ಸರಿದವು.

1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಜನರು ಇದ್ದಕ್ಕಿದ್ದಂತೆ ಕಲ್ಲಿನ ಹಾಗೆ ಬಿಗಿದುಕೊಂಡು ಆಸ್ಪತ್ರೆ ಸೇರಿದರು. ಅವರು ಚುಚ್ಚಿಕೊಂಡಿದ್ದು ಬೀದಿಯಲ್ಲಿ ಮಾರುತ್ತಿದ್ದ ಕೃತಕ ಹೆರಾಯಿನ್. ಅದನ್ನು ತಯಾರಿಸುವಾಗ ಎಂಪಿಟಿಪಿ ಎಂಬ ವಿಷ ಬೆರೆತುಬಿಟ್ಟಿತ್ತು. ಆ ವಿಷ ನೇರವಾಗಿ ಸಬ್‌ಸ್ಟಾನ್ಷಿಯಾ ನೈಗ್ರಾದ ಕೋಶಗಳನ್ನೇ ಕೊಲ್ಲುತ್ತದೆ ಎಂದು ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಸಂಗಡಿಗರು ಕಂಡುಕೊಂಡರು. ಯಾರೂ ಲೆಕ್ಕಕ್ಕೆ ಇಡದ ವ್ಯಸನಿಗಳ ಆ ದುರಂತದಿಂದ ವಿಜ್ಞಾನಕ್ಕೆ ಹಿಂದೆ ಇಲ್ಲದಿದ್ದ ಒಂದು ಸಾಧನ ಸಿಕ್ಕಿತು. ಅದೇ ವಿಷ ಕೊಟ್ಟು ಕೋತಿಗಳಲ್ಲಿ ಪಾರ್ಕಿನ್ಸನ್ಸ್ ಲಕ್ಷಣಗಳನ್ನು ಉಂಟುಮಾಡಿ ಅಧ್ಯಯನ ಮಾಡಬಹುದಾಯಿತು.

ಆ ಕೋತಿಗಳ ಮೆದುಳಿನಲ್ಲಿ ಎಸ್‌ಟಿಎನ್ ಅತಿಯಾಗಿ ಚಟುವಟಿಕೆ ತೋರಿಸುತ್ತಿತ್ತು. ಆದರೆ ಅದನ್ನು ಮುಟ್ಟಲು ಸರ್ಜನ್‌ಗಳು ಹೆದರುತ್ತಿದ್ದರು. ಅಲ್ಲಿಗೆ ಪೆಟ್ಟು ಬಿದ್ದರೆ ಕೈಕಾಲು ತಾವಾಗಿಯೇ ಬೀಸಾಡತೊಡಗುತ್ತವೆ ಅನ್ನುವುದು ಹಳೆಯ ಪಾಠ. 1990ರಲ್ಲಿ ಹಗಾಯ್ ಬರ್ಗ್‌ಮನ್, ಥಾಮಸ್ ವಿಖ್‌ಮನ್ ಮತ್ತು ಮಾಹ್ಲನ್ ಡಿಲಾಂಗ್ ಕೋತಿಗಳಲ್ಲಿ ಆ ಜಾಗವನ್ನು ನಿಷ್ಕ್ರಿಯಗೊಳಿಸಿ ನೋಡಿದರು. ಬಿಗಿತ ಸಡಿಲವಾಯಿತು, ಚಲನೆ ಮರಳಿತು.

ಇದಕ್ಕೂ ಮೊದಲೇ, 1987ರಲ್ಲಿ, ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಮ್ ಲೂಯಿ ಬೆನಬಿದ್ ಇನ್ನೊಂದು ಸಂಗತಿ ಗಮನಿಸಿದ್ದರು. ಥಲಾಮಸ್‌ನಲ್ಲಿ ಚುಕ್ಕೆ ಸುಡುವ ಮೊದಲು ‘ಜಾಗ ಸರಿಯಾಗಿದೆಯಾ’ ಅಂತ ಪರೀಕ್ಷಿಸಲು ಸಣ್ಣ ಕರೆಂಟ್ ಕೊಡುವುದು ವಾಡಿಕೆ. ಆವರ್ತನವನ್ನು ಸೆಕೆಂಡಿಗೆ ನೂರರ ಆಸುಪಾಸಿಗೆ ಏರಿಸಿದಾಗ ನಡುಕ ನಿಂತುಬಿಟ್ಟಿತು. ಕರೆಂಟ್ ತೆಗೆದರೆ ವಾಪಸ್. ಹಾಗಾದರೆ ಸುಡುವುದು ಯಾಕೆ? ಕರೆಂಟನ್ನೇ ಬಿಟ್ಟರಾಯಿತಲ್ಲ! ಜಾಗ ಹುಡುಕುವ ಸಾಧನವೇ ಚಿಕಿತ್ಸೆಯಾಗಿದ್ದು ಹೀಗೆ. 1993ರಲ್ಲಿ ಅದೇ ತಂಡ ಈ ತಂತ್ರವನ್ನು ಎಸ್‌ಟಿಎನ್‌ಗೆ ತಂದಿತು. 2014ರಲ್ಲಿ ಬೆನಬಿದ್ ಮತ್ತು ಡಿಲಾಂಗ್ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು. ವಿಷ ಚುಚ್ಚಿಕೊಂಡ ಆ ಯುವಜನರಿಗೆ ಯಾವ ಪ್ರಶಸ್ತಿಯೂ ಬರಲಿಲ್ಲ.

ಅಟ್ಲಾಸ್ ಇದೆ. ಯಾರ ಮೆದುಳಿನದು?

ಸರಿ, ಯಾವ ಊರು ಅಂತ ಗೊತ್ತಾಯಿತು. ದಾರಿ?

1908ರಲ್ಲಿ ಲಂಡನ್ನಿನ ವಿಕ್ಟರ್ ಹಾರ್ಸ್ಲಿ ಮತ್ತು ರಾಬರ್ಟ್ ಕ್ಲಾರ್ಕ್ ಪ್ರಾಣಿಗಳ ತಲೆಗೆ ಲೋಹದ ಚೌಕಟ್ಟು ಬಿಗಿದು, ಒಳಗಿನ ಪ್ರತಿ ಬಿಂದುವಿಗೂ ಮೂರು ಅಂಕಿಗಳ ವಿಳಾಸ ಕೊಡುವ ಪದ್ಧತಿ ಪ್ರಕಟಿಸಿದರು. ಪಿಯುಸಿಯಲ್ಲಿ ಓದಿದ ಎಕ್ಸ್, ವೈ, ಝೆಡ್ ಅಕ್ಷಗಳೇ ಇವು. 1947ರಲ್ಲಿ ಫಿಲಡೆಲ್ಫಿಯಾದ ಸ್ಪೀಗೆಲ್ ಮತ್ತು ವೈಸಿಸ್ ಇದನ್ನು ಮನುಷ್ಯರಿಗೆ ತಂದರು. ಮನುಷ್ಯರಲ್ಲಿ ತಲೆಬುರುಡೆಯ ಆಕಾರ ನಂಬಿ ಒಳಗಿನ ಲೆಕ್ಕ ಹಾಕುವ ಹಾಗಿಲ್ಲ. ಹಾಗಾಗಿ ಮೆದುಳಿನ ಒಳಗೇ ಇರುವ ಎರಡು ಗುರುತುಕಲ್ಲುಗಳನ್ನು ಹಿಡಿಯುವುದು ರೂಢಿಗೆ ಬಂತು. ಎಡ-ಬಲ ಮೆದುಳನ್ನು ಜೋಡಿಸುವ ಎರಡು ಸಣ್ಣ ನರಸೇತುವೆಗಳು ಇವೆ, ಒಂದು ಮುಂದೆ, ಒಂದು ಹಿಂದೆ. ಅವುಗಳ ನಡುವೆ ಗೆರೆ ಎಳೆದು ಮಧ್ಯಬಿಂದುವನ್ನು ಸೊನ್ನೆ ಅಂತ ಇಟ್ಟುಕೊಂಡರೆ, ಎಸ್‌ಟಿಎನ್ ವಿಳಾಸ ಸುಮಾರು ಹೀಗೆ: ಪಕ್ಕಕ್ಕೆ 12 ಮಿಲಿಮೀಟರ್, ಹಿಂದಕ್ಕೆ 3, ಕೆಳಕ್ಕೆ 4.

ಈ ಅಂಕಿಗಳ ಬೆನ್ನಿಗೆ ಇರುವುದು ಸತ್ತವರ ಮೆದುಳನ್ನು ತೆಳುವಾಗಿ ಸೀಳಿ ಚಿತ್ರಿಸಿದ ಅಟ್ಲಾಸ್‌ಗಳು. ಅವುಗಳಲ್ಲಿ ಬಹಳ ಹೆಸರಾದದ್ದು ಜರ್ಮನಿಯ ಗಿಯೋರ್ಗ್ ಶಾಲ್ಟನ್‌ಬ್ರಾಂಡ್ ಅವರು ಅಮೆರಿಕದ ಪರ್ಸಿವಲ್ ಬೇಲಿ ಜೊತೆ 1959ರಲ್ಲಿ ತಂದದ್ದು. 1977ರ ಪರಿಷ್ಕೃತ ರೂಪ ಆಮೇಲೆ ಕಂಪ್ಯೂಟರ್ ಸಾಫ್ಟ್‌ವೇರ್‌ಗಳ ಒಳಕ್ಕೂ ಬಂತು. ಶಾಲ್ಟನ್‌ಬ್ರಾಂಡ್ ನಾಜಿ ಪಕ್ಷದ ಸದಸ್ಯರಾಗಿದ್ದರು. 1940ರಲ್ಲಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಸೋಂಕು ರೋಗವೇ ಎಂದು ನೋಡಲು, ವರ್ನೆಕ್‌ನ ಮಾನಸಿಕ ಆಸ್ಪತ್ರೆಯ ರೋಗಿಗಳಿಗೆ ಅವರ ಒಪ್ಪಿಗೆ ಇಲ್ಲದೆ ಕೋತಿಗಳ ಬೆನ್ನುಹುರಿಯ ದ್ರವ ಚುಚ್ಚಿದ್ದರು. ಯುದ್ಧ ಮುಗಿದ ಮೇಲೂ ಅವರ ವೃತ್ತಿ ಸುಗಮವಾಗಿ ನಡೆಯಿತು.

ಹಾಗಂತ ಅಟ್ಲಾಸ್ ಸುಳ್ಳು ಎಂದಲ್ಲ. ಅದರ ಮಿತಿ ಬೇರೆ ಇದೆ. ಅದರಲ್ಲಿ ಉದ್ದ, ಅಡ್ಡ, ಎತ್ತರದ ಸೀಳುಗಳು ಒಂದೇ ಮೆದುಳಿನವಲ್ಲ. ಜೋಡಿಸಿದರೆ ಸರಿಯಾಗಿ ಕೂಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಮೆದುಳು ನಿಮ್ಮದಲ್ಲ. 2019ರಲ್ಲಿ ಹೈದರಾಬಾದಿನ ಐಐಐಟಿ ತಂಡ ನೂರು ಭಾರತೀಯರ ಎಂಆರ್‌ಐಗಳಿಂದ ಅಟ್ಲಾಸ್ ಮಾಡಿತು. ಪಾಶ್ಚಾತ್ಯ ಅಟ್ಲಾಸ್‌ಗಳಿಗೆ ಹೋಲಿಸಿದರೆ ನಮ್ಮ ಮೆದುಳಿನ ಸರಾಸರಿ ಎತ್ತರ, ಅಗಲ, ಗಾತ್ರ ಕಡಿಮೆ ಎಂದು ಕಂಡಿತು. ಬುದ್ಧಿಗೂ ಇದಕ್ಕೂ ಸಂಬಂಧ ಇಲ್ಲ, ವಾಟ್ಸಾಪ್ ಪಂಡಿತರು ದಯವಿಟ್ಟು ಬಿಟ್ಟುಬಿಡಿ. ಆದರೆ ಒಂದೆರಡು ಮಿಲಿಮೀಟರ್ ಲೆಕ್ಕಕ್ಕೆ ಬರುವ ಕಡೆ ಇದು ಮುಖ್ಯ. ಭಾರತೀಯರ ಸರಾಸರಿ ಕೂಡ ದೊಡ್ಡಪ್ಪನ ಮೆದುಳಲ್ಲ ಅನ್ನುವುದೂ ಅಷ್ಟೇ ಮುಖ್ಯ.

ಕಂಡದ್ದೂ ಪೂರ್ತಿ ನಂಬುವ ಹಾಗಿಲ್ಲ

ಹಾಗಾಗಿ ಈಗ ಅಟ್ಲಾಸ್ ಒಂದೇ ಸಾಕ್ಷಿ ಅಲ್ಲ. ಆ ರೋಗಿಯದ್ದೇ ಎಂಆರ್‌ಐ ತೆಗೆಯುತ್ತಾರೆ. ಎಸ್‌ಟಿಎನ್‌ನಲ್ಲಿ ಕಬ್ಬಿಣದ ಅಂಶ ಹೆಚ್ಚು, ಅದರಿಂದ ಕೆಲವು ಬಗೆಯ ಎಂಆರ್‌ಐನಲ್ಲಿ ಕಪ್ಪಾಗಿ ಕಾಣುತ್ತದೆ. ಆಪರೇಷನ್ ದಿನ ತಲೆಗೆ ಚೌಕಟ್ಟು ಬಿಗಿದು ಸಿಟಿ ಸ್ಕ್ಯಾನ್ ಮಾಡಿ, ಎರಡನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸುತ್ತಾರೆ. ರಕ್ತನಾಳ ತಪ್ಪಿಸಿಕೊಂಡು ಹೋಗುವ ದಾರಿ ಗುರುತು ಮಾಡುತ್ತಾರೆ.

ಆದರೆ ಎಂಆರ್‌ಐ ಚಿತ್ರ ತುಸು ಸೊಟ್ಟಗಾಗಬಹುದು. ಚಿತ್ರಗಳನ್ನು ಕೂರಿಸುವಾಗ ಕೂದಲೆಳೆ ತಪ್ಪು ಬರಬಹುದು. ಬುರುಡೆ ತೆರೆದ ಕೂಡಲೇ ಒಳಗಿನ ದ್ರವ ಸೋರಿ ಗಾಳಿ ಸೇರಿದರೆ, ಮೆದುಳೇ ಒಂದೆರಡು ಮಿಲಿಮೀಟರ್ ಕುಸಿಯಬಹುದು. ಬೆಳಿಗ್ಗೆ ಬರೆದ ನಕ್ಷೆ ಮಧ್ಯಾಹ್ನದ ನೆಲಕ್ಕೆ ಹೊಂದುವುದಿಲ್ಲ. ಇಂಜಿನಿಯರಿಂಗ್‌ನಲ್ಲಿ ಮೊದಲ ಸೆಮಿಸ್ಟರಿನಲ್ಲೇ ಕಲಿಸುವ ಪಾಠ: ಸಣ್ಣ ಸಣ್ಣ ದೋಷಗಳು ಸೇರಿ ದೊಡ್ಡ ದೋಷ ಆಗುತ್ತದೆ.

ಕಿವಿಗೊಟ್ಟು ಕೇಳುವುದು

ಇಲ್ಲಿ ನೋಡುವ ಕೆಲಸ ಮುಗಿದು ಕೇಳುವ ಕೆಲಸ ಶುರು. ಕೂದಲಿಗಿಂತ ಸಣ್ಣ ತುದಿಯ ಮೈಕ್ರೋಎಲೆಕ್ಟ್ರೋಡ್‌ಗಳನ್ನು ಅರ್ಧ ಮಿಲಿಮೀಟರ್‌ನಂತೆ ಇಳಿಸುತ್ತಾ ಹೋಗುತ್ತಾರೆ. ಒಂದು ನಡುವೆ, ಉಳಿದವು ಅದರ ಸುತ್ತ ಎರಡೆರಡು ಮಿಲಿಮೀಟರ್ ದೂರದಲ್ಲಿ, ಒಟ್ಟು ಐದರವರೆಗೆ. ನರಕೋಶಗಳ ವಿದ್ಯುತ್ ಮಿಡಿತವನ್ನು ವರ್ಧಿಸಿ ಸ್ಪೀಕರಿಗೆ ಕೊಡುತ್ತಾರೆ. ನಮ್ಮ ಸಿಗ್ನಲ್ಸ್ ಲ್ಯಾಬಿನಲ್ಲಿ ಇಂಥ ಸದ್ದನ್ನು ‘ನಾಯ್ಸ್’ ಅಂತ ತೆಗೆದು ಹಾಕುತ್ತಿದ್ದೆವು. ಇಲ್ಲಿ ಸದ್ದೇ ಸುದ್ದಿ.

ಎಸ್‌ಟಿಎನ್‌ಗೆ ಸ್ವಲ್ಪ ಮೇಲೆ ಬಹುಮಟ್ಟಿಗೆ ಮೌನ. ಒಳಹೊಕ್ಕ ಕೂಡಲೇ ತಗಡಿನ ಮೇಲೆ ಮಳೆ ಸುರಿದ ಹಾಗೆ ದಟ್ಟವಾದ, ತಾಳವಿಲ್ಲದ ಸದ್ದು. ಡಾಕ್ಟರು ರೋಗಿಯ ಮಣಿಕಟ್ಟನ್ನೋ ಮೊಣಕೈಯನ್ನೋ ಆಡಿಸಿದಾಗ ಆ ಸದ್ದು ಬದಲಾದರೆ, ಬೇಕಾದ ಮೂಲೆ ಸಿಕ್ಕಿದೆ ಅಂತ. ಇನ್ನೂ ಕೆಳಗೆ ಹೋದರೆ ಮತ್ತೆ ಮೌನ, ಆಮೇಲೆ ಗಡಿಯಾರದಂತೆ ಒಂದೇ ಸಮನೆ ಬಡಿಯುವ ವೇಗದ ಸದ್ದು. ಅದು ಸಬ್‌ಸ್ಟಾನ್ಷಿಯಾ ನೈಗ್ರಾ. ಬೇಳೆ ದಾಟಿ ಬಂದಿದ್ದೀವಿ ಅಂತ ಅರ್ಥ. ಆದರೆ ಹುಡುಕಲು ಇಳಿಸುವ ಪ್ರತಿ ಎಲೆಕ್ಟ್ರೋಡೂ ರಕ್ತನಾಳಕ್ಕೆ ತಗಲುವ ಅಪಾಯ ಇದ್ದೇ ಇದೆ. ಅದಕ್ಕೇ ಎಷ್ಟು ಎಲೆಕ್ಟ್ರೋಡ್ ಬೇಕು ಅನ್ನುವ ಬಗ್ಗೆ ಸರ್ಜನ್‌ಗಳಲ್ಲೇ ಜಗಳ ಮುಗಿದಿಲ್ಲ.

ಕೊನೆಯ ಸಾಕ್ಷಿ ರೋಗಿ

ಕೊನೆಯ ಪರೀಕ್ಷೆ ಯಂತ್ರದ್ದಲ್ಲ. ಹಿಂದಿನ ರಾತ್ರಿಯಿಂದ ಮಾತ್ರೆ ನಿಲ್ಲಿಸಿರುತ್ತಾರೆ. ರೋಗಿ ಎಚ್ಚರವಾಗಿರುತ್ತಾರೆ. ಮೆದುಳಿಗೆ ನೋವು ಗೊತ್ತಾಗುವುದಿಲ್ಲ, ಚರ್ಮಕ್ಕೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್. ಕರೆಂಟ್ ಸ್ವಲ್ಪ ಸ್ವಲ್ಪ ಏರಿಸುತ್ತಾ, ‘ಮುಷ್ಟಿ ಬಿಚ್ಚಿ, ಮುಚ್ಚಿ’, ‘ವಾರಗಳ ಹೆಸರು ಹೇಳಿ’ ಅಂತಾರೆ. ಬಿಗಿತ ಸಡಿಲವಾಯಿತೋ, ಸರಿ. ಮಾತು ತೊದಲಿ ಬಾಯಿ ಒಂದು ಕಡೆ ಎಳೆದರೆ, ವೈರ್ ಆಚೆ ಪಕ್ಕಕ್ಕೆ ಹೋಗಿದೆ. ಕಣ್ಣು ಹೊರಳಿದರೆ ಈಚೆಗೆ. ಕೈಯಲ್ಲಿ ಜುಮ್ಮೆನ್ನುವುದು ನಿಲ್ಲದಿದ್ದರೆ ಹಿಂದಕ್ಕೆ. ರೋಗಿಯ ‘ಹೂಂ’, ‘ಊಹೂಂ’ಗಳೇ ಇಲ್ಲಿ ಅಳತೆಗೋಲು.

1999ರಲ್ಲಿ ಪ್ಯಾರಿಸ್ಸಿನ ವೈದ್ಯರು ವರದಿ ಮಾಡಿದ ಪ್ರಕರಣ ಒಂದಿದೆ. 65 ವರ್ಷದ ಮಹಿಳೆಯೊಬ್ಬರಿಗೆ ವೈರ್‌ನ ಒಂದು ಸಂಪರ್ಕಬಿಂದುವಿನಲ್ಲಿ ಕರೆಂಟ್ ಕೊಟ್ಟಾಗ ಅವರು ಇದ್ದಕ್ಕಿದ್ದಂತೆ ತೀವ್ರ ಖಿನ್ನತೆಗೆ ಜಾರಿದರು. ಅತ್ತರು, ಬದುಕೇ ಬೇಡ ಎಂಬಂತೆ ಮಾತಾಡಿದರು. ಕರೆಂಟ್ ನಿಲ್ಲಿಸಿದ 90 ಸೆಕೆಂಡಿನೊಳಗೆ ಎಲ್ಲ ಮಾಯ. ಆ ಬಿಂದು ಇದ್ದದ್ದು, ಅವರ ಪಾರ್ಕಿನ್ಸನ್ಸ್ ಲಕ್ಷಣಗಳನ್ನು ಕಡಿಮೆ ಮಾಡುತ್ತಿದ್ದ ಬಿಂದುವಿಗಿಂತ ಕೇವಲ 2 ಮಿಲಿಮೀಟರ್ ಕೆಳಗೆ. ಇಂಥದ್ದನ್ನು ಸ್ಕ್ಯಾನ್ ಹೇಳುವುದಿಲ್ಲ. ಅನುಭವಿಸಿದವರು ಹೇಳಬೇಕು.

ಹಾಗಾದರೆ ಎಚ್ಚರ ಇರಲೇಬೇಕಾ?

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಸೇರಿಸಬೇಕು. ‘ರೋಗಿ ಎಚ್ಚರವಿದ್ದರೆ ಮಾತ್ರ ಫಲಿತಾಂಶ ಚೆನ್ನ’ ಅನ್ನುವುದು ಸಾಬೀತಾದ ಸತ್ಯ ಅಲ್ಲ. 2021ರಲ್ಲಿ ಆಮ್‌ಸ್ಟರ್‌ಡ್ಯಾಂನ ಗ್ಯಾಲಕ್ಸಿ ಅಧ್ಯಯನ 110 ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿತು. ಎಚ್ಚರವಿದ್ದವರಲ್ಲೂ, ಪೂರ್ತಿ ಅರಿವಳಿಕೆಯಲ್ಲಿದ್ದವರಲ್ಲೂ ಯೋಚನೆ, ಮನಸ್ಥಿತಿ, ನಡವಳಿಕೆಯ ಅಡ್ಡಪರಿಣಾಮಗಳು ಹೆಚ್ಚುಕಮ್ಮಿ ಒಂದೇ. ಚಲನೆಯ ಸುಧಾರಣೆಯೂ ಅಷ್ಟೇ. ಎಂಟು ಗಂಟೆ ಎಚ್ಚರವಾಗಿ, ಮಾತ್ರೆ ಇಲ್ಲದೆ, ಚೌಕಟ್ಟಿಗೆ ತಲೆ ಬಿಗಿಸಿಕೊಂಡು ಮಲಗುವುದು ಹಿಂಸೆ. ಅದನ್ನು ತಪ್ಪಿಸಬಹುದಾದರೆ ತಪ್ಪಿಸಲಿ.

ಕಂಪ್ಯೂಟರ್ ಲೆಕ್ಕಾಚಾರವೂ ಬೆಳೆಯುತ್ತಿದೆ. ಬರ್ಲಿನ್‌ನಲ್ಲಿ ಶುರುವಾದ ಲೀಡ್-ಡಿಬಿಎಸ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್, ವೈರ್ ನಿಜವಾಗಿ ಎಲ್ಲಿ ಕೂತಿದೆ, ಅದು ಮೆದುಳಿನ ಯಾವ ಜಾಲವನ್ನು ಮುಟ್ಟುತ್ತಿದೆ ಅಂತ ತೋರಿಸುತ್ತದೆ. ಯಾರು ಬೇಕಾದರೂ ಅದರ ಕೋಡ್ ನೋಡಬಹುದು. ಆದರೆ ನಾಳೆ ಯಾವುದೋ ಕಂಪನಿ ‘ನಮ್ಮ ಎಐ ಒಂದೇ ಕ್ಲಿಕ್‌ನಲ್ಲಿ ಟಾರ್ಗೆಟ್ ಹುಡುಕುತ್ತದೆ’ ಅಂತ ಬಂದರೆ, ಅಟ್ಲಾಸ್‌ಗೆ ಕೇಳಿದ ಪ್ರಶ್ನೆಯನ್ನೇ ಕೇಳಿ: ಯಾರ ಮೆದುಳುಗಳಿಂದ ಕಲಿತಿದ್ದು? ತಪ್ಪಿದಾಗ ಗೊತ್ತಾಗುವುದು ಹೇಗೆ?

ಯಾವ ಪಾಯಿಂಟ್ ಅನ್ನುವುದು ಯಾರ ತೀರ್ಮಾನ?

ನನಗೆ ಕೊನೆಗೆ ಅರ್ಥವಾದದ್ದು ಇದು. ರೋಗಿಯನ್ನು ಕೇಳಬೇಕಾದ ಮುಖ್ಯ ಪ್ರಶ್ನೆ ಆಪರೇಷನ್ ಟೇಬಲ್ಲಿನದ್ದಲ್ಲ, ಅದಕ್ಕೂ ಮೊದಲಿನದ್ದು. ಯಾಕೆಂದರೆ ಗುರಿ ಒಂದೇ ಅಲ್ಲ. ಎಸ್‌ಟಿಎನ್ ಇದೆ, ಗ್ಲೋಬಸ್ ಪ್ಯಾಲಿಡಸ್‌ನ ಒಳಭಾಗವೂ ಇದೆ. 2010ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು ನಡೆಸಿದ ದೊಡ್ಡ ಅಧ್ಯಯನದಲ್ಲಿ 299 ರೋಗಿಗಳಿದ್ದರು. ಎರಡು ವರ್ಷದ ನಂತರ ಚಲನೆಯ ಸುಧಾರಣೆಯಲ್ಲಿ ಎರಡೂ ಗುರಿಗಳು ಸಮ. ಎಸ್‌ಟಿಎನ್ ಆದವರ ಮಾತ್ರೆ ಹೆಚ್ಚು ಕಡಿಮೆಯಾಯಿತು. ಆದರೆ ಖಿನ್ನತೆಯ ಅಂಕ ಅವರಲ್ಲಿ ಸ್ವಲ್ಪ ಕೆಟ್ಟಿತು, ಇನ್ನೊಂದು ಗುಂಪಿನಲ್ಲಿ ಸ್ವಲ್ಪ ಸುಧಾರಿಸಿತು. ಮಾತಿನ ಸ್ಪಷ್ಟತೆ ಕುಗ್ಗುವುದೂ ಡಿಬಿಎಸ್‌ನ ಗೊತ್ತಿರುವ ಅಡ್ಡಪರಿಣಾಮ.

ಮಾತ್ರೆ ಕಡಿಮೆ ಆಗಬೇಕಾ, ಮನಸ್ಸು ಹಗುರ ಇರಬೇಕಾ, ಮಾತು ಉಳಿಯಬೇಕಾ? ಇದಕ್ಕೆ ಮಿಲಿಮೀಟರ್‌ಗಳಲ್ಲಿ ಉತ್ತರ ಇಲ್ಲ. ಬದುಕುವವರು ಹೇಳಬೇಕು. ಹೇಳಬೇಕಾದರೆ ಮೊದಲು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಕೇಳಬೇಕು. ದೊಡ್ಡಪ್ಪನ ಕೈಗೆ ಕೊಟ್ಟಿದ್ದ ಮಾಹಿತಿ ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಾರ್ವಜನಿಕ ಸಂಸ್ಥೆಯಲ್ಲಿ ಈ ಚಿಕಿತ್ಸೆ ಇದೆ ಅನ್ನುವುದು ನಮ್ಮ ಭಾಗ್ಯ. ಆದರೂ ಸಾಧನಕ್ಕೇ ಹಲವು ಲಕ್ಷ ರೂಪಾಯಿ ಬೇಕು. ಕೊಬ್ಬರಿ ಬೆಲೆ ನಂಬಿ ಬದುಕುವ ಮನೆಗೆ ‘ಯಾವ ಟಾರ್ಗೆಟ್’ ಅನ್ನುವ ಪ್ರಶ್ನೆ ತಲುಪುವ ಮೊದಲೇ ‘ಎಲ್ಲಿಂದ ದುಡ್ಡು’ ಅನ್ನುವುದು ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಈ ವಿಜ್ಞಾನ ಬೆಳೆದದ್ದು ಯಾರೂ ಕೇಳದೆ ಬಳಸಿಕೊಂಡ ದೇಹಗಳ ಮೇಲೂ ಹೌದು, ಸಾರ್ವಜನಿಕ ಹಣದ ಆಸ್ಪತ್ರೆಗಳಲ್ಲೂ ಹೌದು. ಅದರ ಫಲ ದುಡ್ಡಿರುವವರಿಗೆ ಮಾತ್ರ ಅನ್ನುವುದು ನ್ಯಾಯವಲ್ಲ.

ಹೋದ ತಿಂಗಳು ಮತ್ತೆ ಡಾಕ್ಟರ ಹತ್ತಿರ ಹೋದೆವು. ನಾನು ತಿಳಿದುಕೊಂಡಿದ್ದನ್ನೆಲ್ಲ ದೊಡ್ಡಪ್ಪನಿಗೆ ಮೊದಲೇ ಹೇಳಿದ್ದೆ. ಅವರು ಊರಿನ ಭಜನೆ ಮಂಡಳಿಯಲ್ಲಿ ನಲವತ್ತು ವರ್ಷದಿಂದ ಹಾಡುವವರು. ಡಾಕ್ಟರಿಗೆ ನೇರವಾಗಿ ಹೇಳಿದರು: “ಕೈ ನಡುಗಿದ್ರೆ ಲೋಟಕ್ಕೆ ಅರ್ಧ ಹಾಕ್ಕಂಡು ಕುಡೀತೀನಿ ಸಾರ್. ಗಂಟಲು ಹೋದ್ರೆ ನಾನು ಏನ್ ಮಾಡ್ಲಿ?”

ಡಾಕ್ಟರು ಒಂದು ನಿಮಿಷ ಸುಮ್ಮನಿದ್ದು ಅದನ್ನು ಫೈಲಿನಲ್ಲಿ ಬರೆದುಕೊಂಡರು. ಆಮೇಲೆ ಎರಡೂ ಗುರಿಗಳ ಬಗ್ಗೆ ಕನ್ನಡದಲ್ಲಿ ವಿವರಿಸಿದರು, ಮುಕ್ಕಾಲು ಗಂಟೆ. ತೀರ್ಮಾನ ಇನ್ನೂ ಆಗಿಲ್ಲ. ಆದರೆ ಹೊರಗೆ ಬಂದಾಗ ದೊಡ್ಡಪ್ಪ ಅಂದರು, “ಪರವಾಗಿಲ್ಲ ಕಣೋ. ಇವರು ಕೊರೆಯೋಕೆ ಮುಂಚೆ ಕೇಳ್ತಾರೆ.”